ನನ್ನ ಸೋಮವಾರ, ಅವರ ಮಂಗಳವಾರ

ಬೆಳಕೆ

ನಾನು ಅಮೆರಿಕಕ್ಕೆ ಹೋಗುವ ಸುದ್ದಿ ಭಟ್ಕಳದ ಹತ್ತಿರದ ನಮ್ಮೂರು ಬೆಳಕೆಯಲ್ಲಿ ಹಬ್ಬಲು ಅರ್ಧ ದಿನ ಸಾಕಾಯಿತು. ಅದು ತಪ್ಪಾಗಿ ಹಬ್ಬಲು ಅಷ್ಟೂ ಬೇಕಾಗಲಿಲ್ಲ. ಹೊನ್ನಾವರದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ನನಗೆ ಮಿನ್ನೆಸೋಟದ ಒಂದು ಸಣ್ಣ ಕಾಲೇಜಿನಲ್ಲಿ ನಾಲ್ಕು ತಿಂಗಳು ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ಓದುವ ಅವಕಾಶ ಸಿಕ್ಕಿತ್ತು. ಅದು ಲಿಬರಲ್ ಆರ್ಟ್ಸ್ ಕಾಲೇಜು ಎಂದು ನಾನು ಮನೆಯಲ್ಲಿ ಬಾಯಿ ತಪ್ಪಿ ಹೇಳಿದೆ. ಎಡವಟ್ಟಾದದ್ದೇ ಅಲ್ಲಿ.

ಬಲೆ ರಿಪೇರಿ ಮಾಡುತ್ತಿದ್ದ ಅಪ್ಪ ತಲೆ ಎತ್ತಿದ. "ಆರ್ಟ್ಸ್ ಕಾಲೇಜಾ? ನೀ ಸೈನ್ಸ್ ಅಲ್ದನೆ?"

"ಅಲ್ಲಿ ಎಲ್ಲಾ ಒಂದೇ ಕಡೆ ಇರ್ತದೆ ಅಪ್ಪಾ. ಹೆಸ್ರು ಮಾತ್ರ ಹಾಂಗೆ."

"ಎಂತ ಹೆಸ್ರೋ! ಅಷ್ಟು ದೂರ ಹೋಗಿ ಆರ್ಟ್ಸ್ ಓದೂದಾದ್ರೆ ಕುಮಟೆ ಕಾಲೇಜಿಗೆ ಎಂತ ಆಗಿತ್ತು?" ಎಂದು ಅಮ್ಮ ಒಳಗಿನಿಂದ ಸೇರಿಸಿದಳು. ಅವಳು ಮೀನು ಮಾರಲು ಭಟ್ಕಳ ಪೇಟೆಗೆ ಹೋದ ದಿನವೇ "ಪಾಪ, ಸೈನ್ಸಲ್ಲಿ ಸೀಟ್ ಸಿಕ್ಲಿಲ್ಲ ಕಾಣ್ತದೆ" ಎಂಬ ಕನಿಕರವನ್ನೂ ಬುಟ್ಟಿಯಲ್ಲಿ ಹೊತ್ತು ತಂದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ನಮ್ಮ ಪ್ರಿನ್ಸಿಪಾಲರು ಕಾಗದಕ್ಕೆ ಸಹಿ ಹಾಕುವಾಗ, "ಈ ಕಾಲೇಜಿನಿಂದ ಅಲ್ಲಿಗೆ ಹೋಗುವವರಲ್ಲಿ ನೀನೇ ಮೊದಲನೆಯವಳು. ನಿನ್ನನ್ನು ನೋಡಿ ಮುಂದಿನವರನ್ನು ಕರೆಯುತ್ತಾರೆ, ಇಲ್ಲವೇ ಬಿಡುತ್ತಾರೆ," ಎಂದಿದ್ದರು. ಅವರು ಹುರಿದುಂಬಿಸಲು ಹೇಳಿದ್ದು. ನಾನು ಅದನ್ನು ಕೇಳಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ದುಬೈ

ವಿಮಾನ ಬದಲಿಸಲು ದುಬೈಯಲ್ಲಿ ಮೂರು ಗಂಟೆ ಇತ್ತು. ಮೂರು ಗಂಟೆ ಎಂದರೆ ನನ್ನ ಮನಸ್ಸಿನಲ್ಲಿ ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಮೂರು ಗಂಟೆ. ಒಂದು ಕಡೆ ಕೂತೆ. ಬೋರ್ಡಿನಲ್ಲಿ ನನ್ನ ಗೇಟು ಬಂದದ್ದನ್ನು ನೋಡಿ ಹೊರಟರೆ, ಆ ಗೇಟು ಇರುವುದು ಬೇರೆಯದೇ ಕಟ್ಟಡದಲ್ಲಿ, ಅಲ್ಲಿಗೆ ಹೋಗಲು ಒಂದು ರೈಲು ಹಿಡಿಯಬೇಕು ಎಂದು ತಿಳಿಯಿತು. ಕೈಚೀಲ ಹಿಡಿದು ಬೋರ್ಡನ್ನೇ ಮತ್ತೆ ಮತ್ತೆ ಓದಿದೆ.

"ಎಂತ ತಂಗಿ, ಭಟ್ಕಳವಾ?"

ಬಿಳಿ ಗಡ್ಡದ ಒಬ್ಬರು ನನ್ನ ಕೈಚೀಲ ನೋಡುತ್ತಿದ್ದರು. ಭಟ್ಕಳದ ಬಟ್ಟೆ ಅಂಗಡಿಯ ಚೀಲ, ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಹೆಸರು. ಅವರು ಹೆಂಡತಿಯೊಡನೆ ಭಟ್ಕಳದ ಮುಸ್ಲಿಮರ ಮಾತಾದ ನವಾಯತಿಯಲ್ಲಿ ಏನೋ ಹೇಳಿ, ನನ್ನ ಟಿಕೆಟ್ ತೆಗೆದುಕೊಂಡು ನೋಡಿದರು.

"ಅಲ್ಲಾಹ್! ಇನ್ನೂ ಇಲ್ಲೇ ನಿಂತಿದ್ದೀಯಲ್ಲ! ಓಡು, ಆ ರೈಲು ಹತ್ತು. ಎಂತಕ್ಕೆ ಹೋಗೂದು ಅಲ್ಲಿಗೆ?"

"ನಕ್ಷತ್ರ ಓದೂಕೆ," ಎಂದೆ ಓಡುತ್ತಲೇ.

"ನಕ್ಷತ್ರ ಭಟ್ಕಳದಲ್ಲಿ ಇಲ್ವಾ?" ಎಂದು ಅವರು ಹಿಂದಿನಿಂದ ಕೂಗಿದ್ದು ಕೇಳಿತು. ಗೇಟು ಮುಚ್ಚಲು ನಾಲ್ಕು ನಿಮಿಷ ಇರುವಾಗ ಮುಟ್ಟಿದೆ.

ಮೊದಲ ವಾರಗಳು

ಇಡೀ ಊರಿನಲ್ಲಿ ಕಾಲೇಜೇ ದೊಡ್ಡದು. ಸುತ್ತ ಜೋಳದ ಹೊಲ. ಯಾವ ದಿಕ್ಕಿಗೆ ನೋಡಿದರೂ ಗುಡ್ಡವೂ ಇಲ್ಲ, ಕಡಲೂ ಇಲ್ಲ. ಕಡಲ ಸದ್ದಿಲ್ಲದೆ ಮಲಗಿ ನನಗೆ ಅಭ್ಯಾಸವಿಲ್ಲ. ಮೊದಲ ವಾರ ಕಿವಿಗೆ ಏನೋ ಆಗಿದೆ ಎಂದೇ ತಿಳಿದಿದ್ದೆ.

ಅಲ್ಲಿಯ ರೂಢಿಗಳು ಒಂದೊಂದೂ ನನ್ನನ್ನು ಹೆದರಿಸಿದವು. ಖಗೋಳಶಾಸ್ತ್ರ ಕಲಿಸುವವರು ಅರವತ್ತು ದಾಟಿದ ಹೆಂಗಸು. ಮೊದಲ ದಿನವೇ "ನನ್ನನ್ನು ಮಾರ್ಗರೆಟ್ ಅನ್ನು ಸಾಕು," ಎಂದರು. ಅಮ್ಮನಿಗಿಂತ ಹಿರಿಯರನ್ನು, ಅದೂ ಪಾಠ ಹೇಳುವವರನ್ನು, ಬರೀ ಹೆಸರು ಹಿಡಿದು ಕರೆಯುವುದು ಹೇಗೆ? ನಾಲಗೆ ಹೊರಳಲಿಲ್ಲ. ಕೊನೆಗೆ "ಮಾರ್ಗರೆಟ್ ಮೇಡಂ" ಎಂದು ರಾಜಿ ಮಾಡಿಕೊಂಡೆ. ಕ್ಲಾಸಿನವರಿಗೆ ಅದು ತಮಾಷೆ.

ಲಿಬರಲ್ ಆರ್ಟ್ಸ್ ಎಂದರೇನು ಎಂಬುದೂ ಗೊತ್ತಾಯಿತು. ಭೌತಶಾಸ್ತ್ರ ಓದುವವರು ವಿಜ್ಞಾನದ ಹೊರಗಿನದೊಂದನ್ನು ಓದಲೇಬೇಕು. ಉಳಿದ ಕ್ಲಾಸುಗಳೆಲ್ಲ ಭರ್ತಿಯಾಗಿ ನನಗೆ ಸಿಕ್ಕಿದ್ದು ಮಣ್ಣಿನ ಪಾತ್ರೆ ಮಾಡುವುದು. ವಾರಕ್ಕೆರಡು ದಿನ ಮೊಣಕೈವರೆಗೆ ಕೆಸರು. ಇದನ್ನು ಮನೆಗೆ ಹೇಳಲಿಲ್ಲ. ಹೇಳಿದ್ದರೆ ಅಮ್ಮ "ನಾ ಆಗ್ಲೇ ಹೇಳಿದ್ನಲ್ಲ" ಎನ್ನುತ್ತಿದ್ದಳು.

ಎಲ್ಲಕ್ಕಿಂತ ಬೆರಗು ಪರೀಕ್ಷೆ. ಪ್ರಶ್ನೆಪತ್ರಿಕೆ ಕೊಟ್ಟು ಮಾರ್ಗರೆಟ್ ಮೇಡಂ ಕೋಣೆಯಿಂದ ಹೊರಗೆ ಹೋದರು. ತಿರುಗಿ ಬರಲೇ ಇಲ್ಲ! ನಮ್ಮಲ್ಲಿ ಪರೀಕ್ಷೆ ಎಂದರೆ ಬಾಗಿಲಲ್ಲಿ ತಪಾಸಣೆ, ಒಳಗೆ ಇಬ್ಬರ ಕಾವಲು, ಅದರ ಮೇಲೆ ಯಾವ ಹೊತ್ತಿಗೂ ನುಗ್ಗುವ ಸ್ಕ್ವಾಡ್. ಇಲ್ಲಿ ಕಾವಲಿಗೆ ಇರುವುದು ಉತ್ತರಪತ್ರಿಕೆಯ ಕೊನೆಯಲ್ಲಿ ಕೈಬರಹದಲ್ಲಿ ಬರೆಯುವ ಒಂದೇ ವಾಕ್ಯ: ನಾನು ಮೋಸ ಮಾಡಿಲ್ಲ, ಮಾಡಿದವರನ್ನು ನೋಡಿಲ್ಲ. ಕೆಳಗೆ ಸಹಿ. ಇದಕ್ಕೆ ಆನರ್ ಕೋಡ್ ಎನ್ನುತ್ತಾರೆ. ಬರೆದದ್ದು ಸುಳ್ಳೆಂದು ಬಯಲಾದರೆ ಆನರ್ ಬೋರ್ಡಿನ ಮುಂದೆ ನಿಲ್ಲಬೇಕು. ಅಲ್ಲಿ ತಪ್ಪಿತಸ್ಥರಾದರೆ ನನ್ನಂಥವರ ಟರ್ಮ್ ರದ್ದು, ಕಾಗದ ಸಮೇತ ಊರಿಗೆ.

"ಅಷ್ಟು ನಂಬ್ತೀರಾ ಒಬ್ಬರನ್ನೊಬ್ಬರು?" ಎಂದು ರೂಮ್‌ಮೇಟ್ ಕೇಟಿಯನ್ನು ಕೇಳಿದೆ.

"ನಂಬದೆ ಇನ್ನೇನು ಮಾಡುವುದು?" ಎಂದಳು ಅವಳು. ಕೇಟಿ ಆರಡಿ ಉದ್ದದ, ಮೀನು ಮುಟ್ಟದ ಹುಡುಗಿ. ನಾನು ಅಡುಗೆಕೋಣೆಯಲ್ಲಿ ಒಣ ಸಿಗಡಿ ಹುರಿದು, ಬೆಂಕಿಯ ಗಂಟೆ ಬಡಿದು, ಇಡೀ ಹಾಸ್ಟೆಲು ಹೊರಗೆ ಬಂದು ಹುಲ್ಲಿನ ಮೇಲೆ ನಿಂತಾಗಲೂ ಅವಳು ನನ್ನ ಪರವಾಗಿಯೇ ಮಾತಾಡಿದಳು. ಅಗ್ನಿಶಾಮಕದವರು ಬಾಣಲೆ ಮೂಸಿ ಮುಖ ಸಿಂಡರಿಸಿ ಹೋದರು.

ದಿಬ್ಬದ ಮೇಲೆ

ಕಾಲೇಜಿನ ಹಿಂದೆ ಒಂದು ಸಣ್ಣ ದಿಬ್ಬ, ಅದರ ಮೇಲೆ ಹಳೆಯ ದೂರದರ್ಶಕದ ಗುಮ್ಮಟ. ಗುಮ್ಮಟದ ಹೊರಗಿನ ಮರದ ಜಗಲಿಯಲ್ಲಿ ನಮ್ಮ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ನಕ್ಷತ್ರ. ನನ್ನದು ಐದು ದಿನ ಒಂಬತ್ತು ಗಂಟೆಗೊಮ್ಮೆ ಮಂಕಾಗಿ, ಮತ್ತೆ ಬೆಳಗುವಂಥದು. ಬೈನಾಕ್ಯುಲರಿನಲ್ಲಿ ನೋಡಿ, ಪಕ್ಕದ ಎರಡು ನಕ್ಷತ್ರಗಳಿಗೆ ಹೋಲಿಸಿ, ಈಗ ಎಷ್ಟು ಬೆಳಗುತ್ತಿದೆ ಎಂದು ನೋಟ್‌ಬುಕ್ಕಿನಲ್ಲಿ ಅಂಕಿಯಾಗಿ ಬರೆಯಬೇಕು. ಪಕ್ಕದಲ್ಲಿ ತಾರೀಖು, ಗಂಟೆ. ಕ್ಯಾಮೆರಾ ಬೇಡ, ಕಂಪ್ಯೂಟರ್ ಬೇಡ. "ಟರ್ಮ್ ಮುಗಿಯುವವರೆಗೆ ಗ್ರಾಫ್ ಹಾಕಬೇಡಿ. ಹಾಕಿದರೆ ಕಣ್ಣು ಇರುವುದನ್ನು ಬಿಟ್ಟು ಇರಬೇಕಾದ್ದನ್ನು ನೋಡುತ್ತದೆ," ಎಂದು ಮೇಡಂ ಎಚ್ಚರಿಸಿದ್ದರು.

ಊರಿನಲ್ಲಿ ಧ್ರುವ ನಕ್ಷತ್ರವನ್ನು ತೆಂಗಿನ ಮರಗಳ ಸಂದಿಯಲ್ಲಿ ಹುಡುಕಬೇಕು. ಇಲ್ಲಿ ಅದು ಕತ್ತು ನೋಯುವಷ್ಟು ಮೇಲೆ ಹೋಗಿ ಕೂತಿತ್ತು. ನೋಡಿದ ಮೊದಲ ದಿನ ನನಗೆ ಅಳು ಬಂತು, ಯಾಕೆಂದು ಈಗಲೂ ಗೊತ್ತಿಲ್ಲ. ವಾರಕ್ಕೊಂದು ತಿಳಿ ರಾತ್ರಿ ನಾನು ಎರಡು ಸಲ ನೋಡುತ್ತಿದ್ದೆ, ಒಂಬತ್ತಕ್ಕೊಮ್ಮೆ, ಮಲಗಿ ಎದ್ದು ಒಂದೂವರೆಗೊಮ್ಮೆ. ಉಳಿದವರು ಒಂದೇ ಸಲ. ನಾನು ಮೊದಲನೆಯವಳಲ್ಲವೇ, ಎಲ್ಲರಿಗಿಂತ ಹೆಚ್ಚು ಮಾಡಬೇಕು ಎಂಬ ಹುಚ್ಚು.

ಈಗ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನವೆಂಬರಿನ ಒಂದು ಬುಧವಾರ ಅಲಾರಂ ಹೊಡೆದಾಗ ಹೊರಗೆ ಗಾಳಿ ಕಿಟಕಿಯನ್ನು ಅಲ್ಲಾಡಿಸುತ್ತಿತ್ತು. ಫೋನಿನಲ್ಲಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ನಾನು ಏಳಲಿಲ್ಲ. ಬೆಳಿಗ್ಗೆ ಎದ್ದು, ಪಠ್ಯಪುಸ್ತಕದಲ್ಲಿದ್ದ ಆ ನಕ್ಷತ್ರದ ಏರಿಳಿತದ ರೇಖೆ ನೋಡಿ, ನನ್ನ ತಾರೀಖಿಗೆ ಎಷ್ಟಿರಬೇಕೆಂದು ಲೆಕ್ಕ ಹಾಕಿ, ನೋಡಿದವಳ ಹಾಗೆ ಬರೆದೆ. ಒಂದೇ ಒಂದು ಅಂಕಿ. ಬರೆದ ಮೇಲೆ ಇಡೀ ದಿನ ಆ ಪುಟ ತೆರೆಯಲಿಲ್ಲ. ಮಾರನೆಯ ದಿನ ತೆರೆದೆ. ವಾರ ಕಳೆಯುವಷ್ಟರಲ್ಲಿ ಮರೆತೆ ಎಂದುಕೊಂಡೆ.

ಮೇಲ್ ಬಂದ ಸೋಮವಾರ

ಡಿಸೆಂಬರಿನಲ್ಲಿ ಎಲ್ಲರೂ ನೋಟ್‌ಬುಕ್ ಒಪ್ಪಿಸಿದೆವು. ಮುಂದಿನ ಸೋಮವಾರ ಮೇಡಂ ಮೇಲ್ ಕಳಿಸಿದರು: ಬಿಡುವಾದಾಗ ಬಾ, ಸ್ವಲ್ಪ ಹರಟೋಣ. ಹರಟೆ ಎಂದಿದ್ದರಿಂದ ನಾನು ಖುಷಿಯಾಗಿಯೇ ಹೋದೆ. ಅಮೆರಿಕದವರು ಸಿಟ್ಟಾದಾಗ ಸ್ವರ ಇಳಿಸುತ್ತಾರೆ ಎಂಬುದು ನನಗೆ ಆವತ್ತು ಗೊತ್ತಾಯಿತು. ನಮ್ಮ ಕಡೆ ಸಿಟ್ಟು ಬಂದರೆ ನಾಲ್ಕು ಮನೆಗೆ ಕೇಳುತ್ತದೆ, ಮುಗಿದೂ ಹೋಗುತ್ತದೆ.

"ನನಗೊಂದು ಕುತೂಹಲ," ಎಂದು ಮೇಡಂ ನಿಧಾನವಾಗಿ ಶುರು ಮಾಡಿದರು. ಮೇಜಿನ ಮೇಲೆ ನನ್ನ ಅಂಕಿಗಳಿಂದ ಅವರು ಹಾಕಿದ ಗ್ರಾಫ್. ಒಂಬತ್ತು ಗಂಟೆಯ ಚುಕ್ಕಿಗಳೆಲ್ಲ ರೇಖೆಯ ಮೇಲೆ ಚೆನ್ನಾಗಿ ಕೂತಿದ್ದವು. ಒಂದೂವರೆ ಗಂಟೆಯ ಹನ್ನೊಂದು ಚುಕ್ಕಿಗಳಲ್ಲಿ ಒಂದು ಬಿಟ್ಟು ಉಳಿದ ಹತ್ತೂ ಎಲ್ಲೆಲ್ಲೋ. "ಇದಲ್ಲದೆ, ಇದರಲ್ಲಿ ಮೂರು ರಾತ್ರಿ ನೀನು ಬರೆದ ಹೊತ್ತಿಗೆ ಇಲ್ಲಿ ಮಳೆ ಸುರಿಯುತ್ತಿತ್ತು. ಹವಾಮಾನದ ದಾಖಲೆ ನೋಡಿದೆ. ನೀನು 'ಆಕಾಶ ಶುಭ್ರ' ಎಂದು ಬರೆದಿದ್ದೀಯ."

ನಾನು ಗ್ರಾಫಿನ ಮೇಲೆ ಬಾಗಿ ಚುಕ್ಕಿಗಳನ್ನು ಎಣಿಸಿದೆ.

"ನೀನು ನಿಜವಾಗಿ ನೋಡಿದೆಯಾ?"

"ನೋಡಿದೆ ಮೇಡಂ," ಎಂದೆ. ಹತ್ತಕ್ಕೆ ಅದು ನಿಜ. ಹನ್ನೊಂದನೆಯದರ ನೆನಪಾಗಿ ಮುಖ ಬಿಸಿಯಾಯಿತು. ಅದನ್ನು ಅವರು ನೋಡಿದರೋ ಏನೋ. ನೋಟ್‌ಬುಕ್ಕಿನ ಕೊನೆಯಲ್ಲಿ ನಾನು ಬರೆದಿದ್ದ ಆ ಒಂದು ವಾಕ್ಯ, ಕೆಳಗಿನ ಸಹಿ, ಎರಡನ್ನೂ ಬೆರಳಿನಿಂದ ತೋರಿಸಿ, "ಇದನ್ನು ಬೋರ್ಡಿಗೆ ಕಳಿಸದೆ ನನಗೆ ದಾರಿಯಿಲ್ಲ. ಗುರುವಾರ ನಾಲ್ಕು ಗಂಟೆಗೆ," ಎಂದರು.

ರೂಮಿಗೆ ಬಂದು ಹಾಸಿಗೆಯ ಮೇಲೆ ಬಿದ್ದೆ. ಪ್ರಿನ್ಸಿಪಾಲರ ಮುಖ, ಪೇಟೆಯಲ್ಲಿ ಅಮ್ಮನ ಬುಟ್ಟಿಯ ಸುತ್ತ ನೆರೆಯುವ ಹೆಂಗಸರು, ಬಂದರಿನಲ್ಲಿ ಸಿಕ್ಕಸಿಕ್ಕವರಿಗೆ "ನನ್ನ ಮಗಳು ಅಮೆರಿಕದಲ್ಲಿ" ಎನ್ನುವ ಅಪ್ಪ, ಎಲ್ಲರೂ ಕಣ್ಣ ಮುಂದೆ ಬಂದು ಸಾಲಾಗಿ ನಿಂತರು. ಕದ್ದು ಬರೆದವಳು ಎಂಬ ಹೆಸರು ಹೊತ್ತು ಆ ಊರಿಗೆ ಹೇಗೆ ಇಳಿಯುವುದು? ಒಂದು ಸುಳ್ಳು ಬರೆದಿದ್ದೆ, ನಿಜ. ಆದರೆ ಚಳಿಯಲ್ಲಿ ಬೆರಳು ಮರಗಟ್ಟಿಸಿಕೊಂಡು ನೋಡಿದ ಹತ್ತು ಹೇಗೆ ಸುಳ್ಳಾದವು? ನನ್ನ ಕಣ್ಣೇ ಸುಳ್ಳೇ? ಕೇಟಿ ನನ್ನ ಪಕ್ಕದಲ್ಲಿ ಕೂತು ಏನೂ ಕೇಳದೆ ಒಂದು ಲೋಟ ಬಿಸಿನೀರು ಕೊಟ್ಟಳು.

ಮಂಗಳವಾರ ಬೆಳಿಗ್ಗೆ

ಬೆಳಿಗ್ಗೆ ಏಳಕ್ಕೆ, ಊರಿನಲ್ಲಿ ಸಂಜೆ ಆರೂವರೆ, ಅಮ್ಮನಿಗೆ ಫೋನ್ ಮಾಡಿದೆ. ಬೋರ್ಡಿನ ಸುದ್ದಿ ಹೇಳಬೇಕೆಂದೇ ಮಾಡಿದ್ದು, ಬಾಯಿ ಬರಲಿಲ್ಲ.

"ಅಪ್ಪ ಎಲ್ಲಿ?" ಎಂದೆ.

"ಮಲ್ಗಿದ್ರು. ಸೋಮವಾರ ರಾತ್ರಿ ಮೂರು ಗಂಟೆಗೆ ಬೋಟಿಗೆ ಹೋದವ್ರು ಈಗ ಬಂದ್ರು. ಎಂತದೆ, ಸ್ವರ ಹಾಂಗೆ ಇತ್ತಲ್ಲ? ಜ್ವರವಾ?"

"ಎಷ್ಟೊತ್ತಿಗೆ ಹೋದ್ರು ಅಂದೆ?"

"ಸೋಮವಾರ ರಾತ್ರಿ ಮೂರಕ್ಕೆ ಅಂದ್ನಲ್ಲ."

ಸೋಮವಾರ ರಾತ್ರಿ ಮೂರು ಗಂಟೆ! ಗಡಿಯಾರದ ಲೆಕ್ಕದಲ್ಲಿ ಅದು ಮಂಗಳವಾರ. ನಮ್ಮ ಮನೆಯಲ್ಲಿ, ನಮ್ಮ ಬಂದರಿನಲ್ಲಿ, ಯಾರೂ ಅದನ್ನು ಮಂಗಳವಾರ ಎನ್ನುವುದಿಲ್ಲ. ಸೂರ್ಯ ಹುಟ್ಟುವವರೆಗೆ ಅದು ಸೋಮವಾರದ ರಾತ್ರಿಯೇ. ಹನ್ನೆರಡು ಹೊಡೆದರೆ ತಾರೀಖು ಬದಲಾಗುತ್ತದೆಂದು ನನಗೆ ಗೊತ್ತಿಲ್ಲವೇ? ಗೊತ್ತು. ಬಸ್ಸಿನ ಟಿಕೆಟ್ ತೆಗೆಯುವಾಗ ಚೆನ್ನಾಗಿಯೇ ಗೊತ್ತು. ಆದರೆ ನಿದ್ದೆಗಣ್ಣಿನಲ್ಲಿ ಎದ್ದು ದಿಬ್ಬ ಹತ್ತಿದವಳಿಗೆ ಅದು ಒಂಬತ್ತು ಗಂಟೆಯ ರಾತ್ರಿಯೇ ಮುಂದುವರಿದದ್ದು. ಮೇಲಿನ ಸಾಲಿನ ತಾರೀಖನ್ನೇ ಕೆಳಗೂ ಬರೆದಿದ್ದೆ, ಹನ್ನೊಂದು ಸಲವೂ.

"ಅಮ್ಮಾ, ಇಡ್ತೆ," ಎಂದು ಫೋನ್ ಇಟ್ಟೆ. ಕೂಗಿಕೊಳ್ಳುವಷ್ಟು ಖುಷಿಯಾಯಿತು. ಎರಡೇ ನಿಮಿಷ. ಆಮೇಲೆ ಹನ್ನೊಂದನೆಯದು ನೆನಪಾಯಿತು.

ಗುರುವಾರ, ನಾಲ್ಕು ಗಂಟೆ

ಬೋರ್ಡ್ ಎಂದರೆ ಎತ್ತರದ ಕುರ್ಚಿಗಳಿರುತ್ತವೆ ಎಂದುಕೊಂಡಿದ್ದೆ. ಇದ್ದದ್ದು ಗುಂಡು ಮೇಜು, ಮೂವರು ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು, ಒಂದು ತಟ್ಟೆ ಬಿಸ್ಕತ್ತು. ಮಾರ್ಗರೆಟ್ ಮೇಡಂ ಒಂದು ಬದಿಗೆ ಕೂತಿದ್ದರು. ಅಧ್ಯಕ್ಷತೆ ನನ್ನದೇ ವಯಸ್ಸಿನ ಒಬ್ಬಳು ಹುಡುಗಿಯದು. ನೀರು ಬೇಕೇ, ಹೇಗನ್ನಿಸುತ್ತಿದೆ, ಬಿಸ್ಕತ್ತು ತಗೋ ಎಂದೆಲ್ಲ ಅವಳು ಉಪಚರಿಸಿದಳು. ಮೇಡಂ ಸ್ವರ ಇಳಿಸಿದ್ದು ನೆನಪಾಗಿ ನಾನು ತಟ್ಟೆ ಮುಟ್ಟಲಿಲ್ಲ.

ನನ್ನ ವಾರದ ಲೆಕ್ಕ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಆಗ ನನ್ನ ಹುಟ್ಟಿದ ದಿನದ ಕಥೆ ಹೇಳಬೇಕಾಯಿತು. ನಾನು ಹುಟ್ಟಿದ್ದು ಭಟ್ಕಳದ ಆಸ್ಪತ್ರೆಯಲ್ಲಿ, ನಸುಕಿನ ಮೂರಕ್ಕೆ. ಆಸ್ಪತ್ರೆಯ ಕಾಗದದಲ್ಲಿ ಮಂಗಳವಾರ. ಜಾತಕ ಬರೆದ ಭಟ್ಟರ ಲೆಕ್ಕದಲ್ಲಿ, ಅಜ್ಜಿಯ ಲೆಕ್ಕದಲ್ಲಿ, ಮನೆಯವರೆಲ್ಲರ ಬಾಯಲ್ಲಿ ಸೋಮವಾರ. "ನಾನು ಸೋಮವಾರದವಳು. ಸರ್ಕಾರಕ್ಕೆ ಮಾತ್ರ ಮಂಗಳವಾರದವಳು," ಎಂದೆ. ಒಬ್ಬ ಹುಡುಗ ನಕ್ಕ. ಅಧ್ಯಕ್ಷೆ ನಗಲಿಲ್ಲ.

"ಕಥೆ ಚೆನ್ನಾಗಿದೆ. ಆದರೆ ಇದು ಈಗ ಹುಟ್ಟಿದ ಕಥೆಯಲ್ಲ ಎಂದು ನಮಗೆ ಹೇಗೆ ಗೊತ್ತಾಗಬೇಕು?" ಎಂದಳು.

ಆಗ ಮಾರ್ಗರೆಟ್ ಮೇಡಂ ಎದ್ದು ಬಿಳಿ ಹಲಗೆಯ ಮೇಲೆ ರೇಖೆ ಎಳೆದು, ಪೆನ್ನು ನನ್ನ ಕೈಗೆ ಕೊಟ್ಟರು. "ನೀನು ಹೇಳುವುದು ನಿಜವಾದರೆ ಒಂದೂವರೆಯ ಚುಕ್ಕಿಗಳನ್ನೆಲ್ಲ ಒಂದು ದಿನ ಮುಂದಕ್ಕೆ ಸರಿಸು. ನಕ್ಷತ್ರವೇ ಹೇಳಲಿ."

ಮೊದಲನೆಯದನ್ನು ಸರಿಸಿದೆ, ರೇಖೆಯ ಮೇಲೆ ಕೂತಿತು. ಎರಡನೆಯದೂ ಕೂತಿತು. ಮೂರು, ನಾಲ್ಕು. ಐದನೆಯದಕ್ಕೆ ಆ ನಕ್ಕ ಹುಡುಗ ಕುರ್ಚಿ ಮುಂದಕ್ಕೆಳೆದುಕೊಂಡ. ಹವಾಮಾನದ ದಾಖಲೆಯನ್ನೂ ತೆಗೆದು ನೋಡಿದರು. ಮಳೆ ಬಿದ್ದ ಆ ಮೂರು ರಾತ್ರಿಗಳು ಒಂದು ದಿನ ಸರಿದ ಮೇಲೆ ಶುಭ್ರವಾಗಿದ್ದವು. ಹತ್ತೂ ಚುಕ್ಕಿ ಒಂದರ ಹಿಂದೊಂದು ರೇಖೆಗೆ ಬಂದವು. ಉಳಿದದ್ದು ಬುಧವಾರದ್ದು. ಅದನ್ನು ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ಸರಿಸಿದೆ. ಅದು ರೇಖೆ ಬಿಟ್ಟು ದೂರ ಹೋಗಿ ನಿಂತಿತು.

"ಪರವಾಗಿಲ್ಲ, ಕಣ್ಣಲ್ಲವೇ? ಹನ್ನೊಂದರಲ್ಲಿ ಒಂದು ತಪ್ಪುತ್ತದೆ," ಎಂದರು ಒಬ್ಬ ಅಧ್ಯಾಪಕರು. ಅಧ್ಯಕ್ಷೆ ಕಾಗದ ಜೋಡಿಸಿಕೊಳ್ಳತೊಡಗಿದಳು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಬದುಕಿದೆ ಎನ್ನಿಸಿತು.

ಮಾರ್ಗರೆಟ್ ಮೇಡಂ ಹಲಗೆಯಿಂದ ಕಣ್ಣು ಕೀಳಲಿಲ್ಲ. "ವಿಚಿತ್ರ," ಎಂದರು ತಮಗೇ ಹೇಳಿಕೊಂಡಂತೆ. "ತಪ್ಪು ತಾರೀಖಿನಲ್ಲಿ ಸರಿಯಾಗಿದ್ದದ್ದು ಇದೊಂದೇ. ಸರಿ ತಾರೀಖಿನಲ್ಲಿ ತಪ್ಪಿದ್ದೂ ಇದೊಂದೇ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಇದು ಯಾಕೆ ಹೀಗೆ?"

ನನಗೆ ಗೊತ್ತಿತ್ತು. ಕಣ್ಣಿನಲ್ಲಿ ನೋಡಿದ ಹತ್ತಕ್ಕೂ ಆಕಾಶದ ತಾರೀಖಿತ್ತು. ಪುಸ್ತಕ ನೋಡಿ ಬರೆದದ್ದನ್ನು ಮಾತ್ರ ನನ್ನ ತಪ್ಪು ತಾರೀಖಿಗೇ ಲೆಕ್ಕ ಹಾಕಿದ್ದೆ. ಕಣ್ಣು ತಪ್ಪಿರಬೇಕು ಎಂದರೆ ಮುಗಿಯುತ್ತಿತ್ತು, ಅವರೇ ಆ ಮಾತನ್ನು ಬಾಯಿಗೆ ಇಟ್ಟುಕೊಟ್ಟಿದ್ದರು.

"ಅದನ್ನು ನಾನು ನೋಡಿಲ್ಲ ಮೇಡಂ," ಎಂದೆ. "ಆವತ್ತು ಚಳಿಗೆ ಏಳಲಿಲ್ಲ. ಪುಸ್ತಕ ನೋಡಿ ಬರೆದೆ." ಹೇಳುತ್ತಿದ್ದಂತೆ ಅಳು ಒತ್ತರಿಸಿ ಬಂತು. ಆರು ಜನರ ಎದುರಿಗೆ, ಬಿಸ್ಕತ್ತಿನ ತಟ್ಟೆಯ ಎದುರಿಗೆ, ಸಣ್ಣ ಮಕ್ಕಳ ಹಾಗೆ ಅತ್ತೆ. ಯಾರೂ ಸಮಾಧಾನ ಹೇಳಲಿಲ್ಲ. ಹೊರಗೆ ಕೂತಿರು ಎಂದರು.

ಮುಕ್ಕಾಲು ಗಂಟೆಯ ಮೇಲೆ ಕರೆದರು. ಹತ್ತು ನಿಜ, ಅವು ಉಳಿಯುತ್ತವೆ. ಒಂದು ಸುಳ್ಳು, ಅದಕ್ಕೆ ಇಡೀ ಪ್ರಾಜೆಕ್ಟಿನ ಅರ್ಧ ಅಂಕ ಕಡಿತ. ಒಂದು ಎಚ್ಚರಿಕೆಯ ಕಾಗದ ನನ್ನ ಹೆಸರಿನಲ್ಲಿ ಅಲ್ಲೇ ಇರುತ್ತದೆ. ಟರ್ಮ್ ರದ್ದಿಲ್ಲ. ಹೊನ್ನಾವರಕ್ಕೆ ಏನೂ ಬರೆಯುವುದಿಲ್ಲ. ಹೊರಗೆ ಬರುವಾಗ ಮಾರ್ಗರೆಟ್ ಮೇಡಂ, "ಮುಂದಿನ ವರ್ಷ ನಿಮ್ಮ ಕಾಲೇಜಿನಿಂದ ಯಾರನ್ನಾದರೂ ಕಳಿಸಲು ಹೇಳು. ಅವರ ದಿನ ಯಾವಾಗ ಶುರುವಾಗುತ್ತದೆ ಎಂದು ನಾನು ಮೊದಲೇ ಕೇಳುತ್ತೇನೆ," ಎಂದರು. ಮುಖದಲ್ಲಿ ನಗು ಇತ್ತೋ ಇಲ್ಲವೋ, ನನಗೆ ಕಣ್ಣು ಮಂಜಾಗಿತ್ತು.

ಊರಿನಲ್ಲಿ ಶುಕ್ರವಾರ

ಆ ರಾತ್ರಿ ಒಂಬತ್ತಕ್ಕೆ ಮನೆಗೆ ಫೋನ್ ಮಾಡಿದೆ. ಅಲ್ಲಿ ಶುಕ್ರವಾರದ ಬೆಳಿಗ್ಗೆ ಎಂಟೂವರೆ. ಅಪ್ಪ ಎತ್ತಿದ. ಹಿಂದೆ ಮೀನಿನ ಲಾರಿಯ ಸದ್ದು, ಯಾರೋ ಐಸು ಐಸು ಎಂದು ಕೂಗುವುದು. ಈ ಸಲ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ, ಸೋಮವಾರದ್ದು, ಮಂಗಳವಾರದ್ದು, ಚಳಿಯ ಬುಧವಾರದ್ದೂ.

ಅಪ್ಪ ಗದ್ದಲದಿಂದ ಈಚೆ ಬಂದಿರಬೇಕು, ಸದ್ದು ಕಡಿಮೆಯಾಯಿತು.

"ಆ ಒಂದು ಸುಳ್ಳಂತ ನೀನೇ ಹೇಳ್ದ್ಯಾ?"

"ಹ್ಞೂಂ ಅಪ್ಪಾ."

"ಅವ್ರು ಕೇಳೂಕಿಂತ ಮುಂಚೆಯಾ? ಕೇಳಿದ ಮ್ಯಾಲಾ?"

ಹದಿಮೂರು ಸಾವಿರ ಕಿಲೋಮೀಟರ್ ಆಚೆಗಿರುವ ಮನುಷ್ಯನಿಗೆ ಇದನ್ನು ಯಾರೂ ಹೋಗಿ ಹೇಳುವುದಿಲ್ಲ. ಮುಂಚೆಯೇ ಎಂದಿದ್ದರೆ ಅಪ್ಪ ಇವತ್ತೇ ಬಂದರಿನಲ್ಲಿ ನಾಲ್ಕು ಜನಕ್ಕೆ ಹೇಳಿ ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದ.

"ಕೇಳಿದ ಮೇಲೆ," ಎಂದೆ.

ಆ ಕಡೆ ಮೀನಿನ ಲಾರಿ ಹೊರಟ ಸದ್ದು.

"ಆತು," ಎಂದ ಅಪ್ಪ. "ಈಗ ಹೇಳಿದ್ದು ನಿಜ."